ಎರಡು ಕಚೇರಿಗಳ ನಡುವಿನ ಕೂಸು
(ವಿದ್ಯಾರ್ಥಿ ನಿಲಯದ ಸಭೆಯಲ್ಲಿ ಆಡಿದ ಮಾತುಗಳು)

ಸ್ಕಾಲರ್‌ಷಿಪ್ಪು, ಹಾಸ್ಟೆಲ್ಲಿನ ಅನ್ನ, ಬ್ಯಾಕ್‌ಲಾಗ್ ಹುದ್ದೆ ಅಂತ ನಾವು ಎಷ್ಟೋ ಸಲ ಸೇರಿದ್ದೇವೆ, ಇನ್ನೂ ಸೇರುತ್ತೇವೆ. ಇವತ್ತು ಹಾಸ್ಟೆಲ್ಲಿನ ಮೆಟ್ಟಿಲು ಹತ್ತೋಕೆ ಇನ್ನೂ ಹತ್ತು ವರ್ಷ ಇರೋ ಒಂದು ಕೂಸಿನ ಬಗ್ಗೆ ಮಾತಾಡೋಣ. ಅದಕ್ಕೆ ಒಂದೂವರೆ ವರ್ಷ. ಹೊಡೆದವರು ಯಾರು ಅಂತ ಹೇಳೋಕೆ ಅದಕ್ಕೆ ಬಾಯಿಲ್ಲ. ಹಸಿದು ಅತ್ತರೆ ರಚ್ಚೆ ಅಂತಾರೆ. ಅಳೋದನ್ನೇ ಬಿಟ್ಟರೆ ಬಹಳ ಸಾಧು ಮಗು ಅಂತಾರೆ. ಅತ್ತು ಅತ್ತು ಯಾರೂ ಬರದೆ ಸುಮ್ಮನಾದ ಕೂಸು ಸಾಧುವಲ್ಲ, ಅದು ಸೋತಿದೆ.

ದೌರ್ಜನ್ಯ ಅಂದರೆ ನಮಗೆ ತಟ್ಟನೆ ನೆನಪಾಗೋದು ಬಾವಿ, ಗುಡಿ, ಹೋಟೆಲಿನ ಲೋಟ. ಅದು ತೊದಲು ಮಾತಾಡೋ ಮಗುವನ್ನೂ ಬಿಟ್ಟಿಲ್ಲ. 2021ರ ಸೆಪ್ಟೆಂಬರಿನಲ್ಲಿ ಕೊಪ್ಪಳ ಜಿಲ್ಲೆಯ ಒಂದು ಊರಲ್ಲಿ ನಮ್ಮ ಜನರ ಎರಡು ವರ್ಷದ ಮಗು ಗುಡಿಯೊಳಕ್ಕೆ ಓಡಿಹೋಯಿತು ಅಂತ ಮನೆಯವರಿಗೆ ಸಾವಿರಾರು ರೂಪಾಯಿ ದಂಡ ಹಾಕಿದರು. ಗುಡಿ ಶುದ್ಧಿ ಮಾಡಬೇಕಂತೆ. ಅದು ಊರು ಮಾಡಿದ ಹಿಂಸೆ. ಅದರ ವಿರುದ್ಧ ಕೂಗೋಕೆ ನಮಗೆ ಬರುತ್ತೆ. ಮನೆಯೊಳಗಿನ ಹಿಂಸೆಯ ಮಾತು ಬಂದಾಗ ಮಾತ್ರ ನಮ್ಮ ದನಿ ತಗ್ಗುತ್ತೆ. ಕುಡಿದು ಬಂದವನು ಅಳೋ ಕೂಸನ್ನು ಹಿಡಿದು ಗಡಗಡ ಅಲ್ಲಾಡಿಸುತ್ತಾನೆ. ಅದರ ಕತ್ತು ಇನ್ನೂ ನಿಂತಿರೋದಿಲ್ಲ, ತಲೆಯೊಳಗೆ ರಕ್ತ ಒಸರುತ್ತೆ, ಮೈಮೇಲೆ ಒಂದು ಗೀರೂ ಕಾಣೋದಿಲ್ಲ. ಕಾಮಾಲೆಗೆ, ಸೆಳವಿಗೆ ಅಂತ ಎಳೇ ಹೊಟ್ಟೆಯ ಮೇಲೆ ಬರೆ ಎಳೆಯುತ್ತಾರೆ. ಹೆಣ್ಣಾಯಿತು ಅಂತ ಹಾಲು ಕಡಿಮೆ ಮಾಡೋರಿದ್ದಾರೆ. ಇದೆಲ್ಲ ಕೇರಿಯಲ್ಲೂ ಇದೆ, ಊರೊಳಗೂ ಇದೆ, ಪೇಟೆಯ ತಾರಸಿ ಮನೆಯಲ್ಲೂ ಇದೆ. ತಾರಸಿ ಮನೆಯದು ಹೊರಗೆ ಬರೋದಿಲ್ಲ, ಅಷ್ಟೆ.

ಪೊಲೀಸರು ಬಂದರು, ಕೇಸಾಯಿತು, ಗಾಯಕ್ಕೆ ಮುಲಾಮು ಹಚ್ಚಿದರು. ಮುಗೀತಾ? ಹುಟ್ಟಿದಾಗಿಂದ ಮೂರು ವರ್ಷದವರೆಗೆ ಮಿದುಳು ಬೆಳೆಯೋ ವೇಗ ಮುಂದೆ ಯಾವತ್ತೂ ಬರೋದಿಲ್ಲ. ನಕ್ಕರೆ ನಗೋದು, ಸದ್ದಿಗೆ ತಿರುಗೋದು, ಎತ್ತಿಕೋ ಅಂತ ಕೈ ಚಾಚೋದು, ಚಾಚಿದ ಕೈಗೆ ಇನ್ನೊಂದು ಕೈ ಸಿಗೋದು, ಇದರ ಮೇಲೇ ಮಾತು, ನಂಬಿಕೆ, ಓದು ಎಲ್ಲ ನಿಲ್ಲುತ್ತೆ. ಭಯದಲ್ಲಿ, ಹಸಿವಲ್ಲಿ ಬೆಳೆದ ಕೂಸು ಇದರಲ್ಲಿ ಹಿಂದೆ ಬೀಳುತ್ತೆ. ಅದು ಆರನೇ ವರ್ಷಕ್ಕೆ ಶಾಲೆಗೆ ಬಂದಾಗ ಮೇಷ್ಟ್ರು ಏನಂತಾರೆ ಅಂತ ನಿಮಗೇ ಗೊತ್ತು. 'ಇವುಗಳ ತಲೆಗೆ ಹತ್ತೋದಿಲ್ಲ ಬಿಡಿ.' ಆಗದೇ ಹೋದ ಉಪಚಾರವನ್ನು ಜಾತಿಯ ಬುದ್ಧಿ ಅಂತ ಬರೆದು ಕೈ ತೊಳೆದುಕೊಳ್ಳುತ್ತಾರೆ. ಆ ಮಗುವಿನ ಕಿವಿಯನ್ನು ಎರಡನೇ ವರ್ಷದಲ್ಲಿ ಯಾರೂ ಪರೀಕ್ಷಿಸಲಿಲ್ಲ ಅನ್ನೋದು ಯಾವ ರಿಜಿಸ್ಟರಿನಲ್ಲೂ ಇರೋದಿಲ್ಲ.

ಹಿಂದೆ ಬಿದ್ದದ್ದನ್ನು ಎತ್ತಿ ನಿಲ್ಲಿಸಬಹುದು, ಬೇಗ ಕೈ ಹಾಕಿದರೆ. ರುಮೇನಿಯಾದಲ್ಲಿ ಚೌಷೆಸ್ಕುವಿನ ಸರ್ವಾಧಿಕಾರ 1989ರಲ್ಲಿ ಉರುಳಿದಾಗ ಅನಾಥಾಲಯಗಳ ತುಂಬ ಮಕ್ಕಳಿದ್ದರು. ತೊಟ್ಟಿಲ ಸಾಲು ಉದ್ದ, ಎತ್ತಿಕೊಳ್ಳೋ ಕೈ ಕಡಿಮೆ. 2000ದ ಸುಮಾರಿಗೆ ಚಾರ್ಲ್ಸ್ ನೆಲ್ಸನ್ ಮತ್ತು ಜೊತೆಯ ಸಂಶೋಧಕರು ರಾಜಧಾನಿ ಬುಖಾರೆಸ್ಟಿನಲ್ಲಿ ಇಂಥ 136 ಕೂಸುಗಳಲ್ಲಿ ಅರ್ಧದಷ್ಟನ್ನು ಸಾಕು ಮನೆಗಳಿಗೆ ಕಳಿಸಿ, ಎಲ್ಲವನ್ನೂ ವರ್ಷಗಟ್ಟಲೆ ಗಮನಿಸಿದರು. (ಉಳಿದರ್ಧವನ್ನು ಅಲ್ಲೇ ಬಿಟ್ಟದ್ದು ಸರಿಯೇ ಅನ್ನೋ ಜಗಳ ಇದ್ದೇ ಇದೆ. ನಮಗೂ ಅದು ಚುಚ್ಚುತ್ತೆ.) ಮನೆ ಸಿಕ್ಕ ಮಕ್ಕಳು ಬುದ್ಧಿಯಲ್ಲಿ, ಒಡನಾಟದಲ್ಲಿ ಚೇತರಿಸಿಕೊಂಡವು. ಎರಡು ವರ್ಷದೊಳಗೆ ಸಿಕ್ಕವು ಇನ್ನೂ ಚೆನ್ನಾಗಿ.

ಅಮೆರಿಕದಲ್ಲಿ ಇದಕ್ಕೆ ಒಂದು ಕಾನೂನೇ ಇದೆ. ಬೆಳವಣಿಗೆ ಹಿಂದುಳಿದ ಮೂರು ವರ್ಷದೊಳಗಿನ ಮಕ್ಕಳಿಗೆ ಮಾತು, ನಡಿಗೆ, ಆಟ ಕಲಿಸೋ ಸೇವೆಗೆ ಅಲ್ಲಿ 1986ರಲ್ಲೇ ಕಾಯ್ದೆ ಆಗಿತ್ತು. ಮಕ್ಕಳ ಮೇಲಿನ ಹಿಂಸೆಯನ್ನು ತನಿಖೆ ಮಾಡೋ ಕಚೇರಿ ಬೇರೆ. ಹಿಂಸೆ ಖಚಿತವಾದರೆ ಆ ಕಚೇರಿಯಿಂದ ಈ ಸೇವೆಗೆ ಮಗುವನ್ನು ಕಳಿಸೋ ವ್ಯವಸ್ಥೆ ಪ್ರತಿ ರಾಜ್ಯದಲ್ಲೂ ಇರಬೇಕು ಅಂತ 2003ರಲ್ಲಿ ಸೇರಿಸಿದರು. ಒಳ್ಳೇದೇ. ಆದರೆ ಕಾಗದ ಹೋದಷ್ಟು ಸುಲಭವಾಗಿ ಕೂಸು ಹೋಗೋದಿಲ್ಲ. ಹೆತ್ತವರು ಒಪ್ಪಿದರೆ ಮಾತ್ರ ಆ ಸೇವೆ. ಮಗುವನ್ನು ಕಿತ್ತುಕೊಳ್ಳೋ ಅಧಿಕಾರ ಇರೋ ಕಚೇರಿಯ ಹೆಸರು ಹೇಳಿಕೊಂಡು ಬಂದವರಿಗೆ ಕರಿಯ ತಾಯಿ ಬಾಗಿಲು ಯಾಕೆ ತೆಗೆಯುತ್ತಾಳೆ? ಅಲ್ಲಿನ ಮೂಲನಿವಾಸಿಗಳ ಮಕ್ಕಳನ್ನು ಎತ್ತಿ ಬೇರೆಯವರ ಮನೆಗೆ ಕೊಡೋದನ್ನು ತಡೆಯೋಕೆ 1978ರಲ್ಲಿ ಬೇರೆ ಕಾನೂನೇ ಬೇಕಾಯಿತು. ತಾಯಂದಿರ ಭಯ ಗಾಳಿಯಿಂದ ಬಂದದ್ದಲ್ಲ.

ಇಲ್ಲಿಗೆ ಬರೋಣ. ನಮ್ಮಲ್ಲಿ ಏನೂ ಇಲ್ಲ ಅನ್ನೋ ಹಾಗಿಲ್ಲ. 1975ರ ಅಕ್ಟೋಬರ್ 2ರಂದು ಅಂಗನವಾಡಿ ಯೋಜನೆ ಶುರುವಾದ ಮೊದಲ 33 ಬ್ಲಾಕುಗಳಲ್ಲಿ ನಮ್ಮ ಟಿ. ನರಸೀಪುರವೂ ಒಂದು. 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಬಂತು. ಅದರ ಪ್ರಕಾರ ಡಾಕ್ಟರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ನೋಡಬೇಕು. ಬೆಳವಣಿಗೆ ಹಿಂದೆ ಬಿದ್ದಿದ್ದರೆ ಜಿಲ್ಲಾ ಮಟ್ಟದ ಡಿ.ಇ.ಐ.ಸಿ. ಕೇಂದ್ರಕ್ಕೆ ಕಳಿಸಬೇಕು. ಮಾತು ಕಲಿಸೋರು, ಕೈಕಾಲು ಪಳಗಿಸೋರು, ಕಿವಿ ನೋಡೋರು, ಮನಸ್ಸು ನೋಡೋರು ಒಂದೇ ಕಡೆ ಸಿಗಬೇಕು, ದುಡ್ಡಿಲ್ಲದೆ. ಇದು ಒಂದು ಕಚೇರಿ. ಇನ್ನೊಂದು, 2015ರ ಬಾಲ ನ್ಯಾಯ ಕಾಯ್ದೆಯ ಮಕ್ಕಳ ಕಲ್ಯಾಣ ಸಮಿತಿ. ಹಿಂಸೆಗೊಳಗಾದ ಮಗುವನ್ನು 24 ಗಂಟೆಯೊಳಗೆ ಅದರ ಮುಂದೆ ತರಬೇಕು. ಪೊಲೀಸರೇ ತರಬೇಕು ಅಂತಿಲ್ಲ, ನಾವೂ ತರಬಹುದು, 1098ಕ್ಕೆ ಫೋನ್ ಮಾಡಬಹುದು. ಮಗುವನ್ನು ಮನೆಯಿಂದ ಒಯ್ಯಲೇಬೇಕು ಅಂತಲೂ ಇಲ್ಲ. ಹೆತ್ತವರ ಹತ್ತಿರವೇ ಬಿಟ್ಟು ಮೇಲ್ವಿಚಾರಣೆ ಇಡೋ ಅವಕಾಶ ಸಮಿತಿಗಿದೆ.

ಈ ಎರಡರ ನಡುವೆ ನಡೆಯೋರು ಯಾರು? ತಂಡ ಬಂದ ದಿನ ಅಂಗನವಾಡಿಯಲ್ಲಿ ಇಲ್ಲದ ಮಗು ಯಾವುದು ಅಂತ ಯೋಚನೆ ಮಾಡಿ. ಬಾವು ಬಂದ ಕೆನ್ನೆಯನ್ನು ಮುಚ್ಚಿಟ್ಟ ಮಗು. ಇಟ್ಟಿಗೆ ಗೂಡಿಗೆ, ಕಬ್ಬಿನ ಗದ್ದೆಗೆ ತಾಯಿಯ ಜೊತೆ ಹೋದ ಮಗು. ಅಂಗನವಾಡಿ ಊರೊಳಗಿದೆ ಅಂತ ಕೇರಿಯಲ್ಲೇ ಉಳಿದ ಮಗು. ಯಾರನ್ನು ನೋಡಬೇಕಾಗಿತ್ತೋ ಅವರೇ ಹಾಜರಿ ಪುಸ್ತಕದಲ್ಲಿಲ್ಲ. ಇತ್ತ ಸಮಿತಿಯ ಮುಂದೆ ಬಂದ ಮಗುವಿನ ಫೈಲಿನಲ್ಲಿ ಮೂಳೆ ಮುರಿದದ್ದು ಇರುತ್ತೆ, ಮಾತು ಬಂದಿದೆಯೇ ಅಂತ ಕೇಳಿದ ಗುರುತು ಇರುತ್ತಾ? ಆ ಮಗುವಿಗೆ ವೈಯಕ್ತಿಕ ಪಾಲನಾ ಯೋಜನೆ ಬರೆಯಬೇಕು ಅಂತ ಕಾಯ್ದೆಯೇ ಹೇಳುತ್ತೆ. ಅದರಲ್ಲಿ ಡಿ.ಇ.ಐ.ಸಿ. ತಪಾಸಣೆಯ ಒಂದು ಸಾಲು ಸೇರಿಸಿ ಅಂತ ನಾವು ಅರ್ಜಿ ಹಾಕಬಹುದು. ಇದಕ್ಕೆ ಕ್ರಾಂತಿ ಬೇಡ, ಒಂದು ಬಿಳಿ ಹಾಳೆ ಸಾಕು.

ಇಲ್ಲೊಂದು ಎಚ್ಚರ ಬೇಕು. ಐದು ವರ್ಷದ ಅಕ್ಕನ ಕೈಲಿ ಕೂಸು ಕೊಟ್ಟು ಕೂಲಿಗೆ ಹೋದ ತಾಯಿಯನ್ನು ಕಟುಕಿ ಅಂತ ಕರೆಯೋಕೆ ಮೇಲಿನವರು ತಯಾರಾಗಿ ಕೂತಿರುತ್ತಾರೆ. ಆ ಕೂಸಿಗೂ ಬೆಳವಣಿಗೆಯ ತೊಂದರೆ ಆಗಬಹುದು, ಅದಕ್ಕೂ ಉಪಚಾರ ಬೇಕು. ತಾಯಿಗೆ ಬೇಕಾದದ್ದು ಕೂಸಿನ ಮನೆ ಮತ್ತು ಕೂಲಿ, ಪೊಲೀಸ್ ಜೀಪಲ್ಲ. ಕೈ ಮೀರಿದ ಸ್ಥಿತಿಯಲ್ಲಿ ಹೆತ್ತವರು ಮಗುವನ್ನು ತೊರೆದರೆ ಅದು ಬೇಕಂತಲೇ ಮಾಡಿದ್ದಲ್ಲ ಅಂತ ಭಾವಿಸಬೇಕು ಅಂತ ಬಾಲ ನ್ಯಾಯ ಕಾಯ್ದೆಯ 75ನೇ ಕಲಮೇ ಹೇಳುತ್ತೆ. ಬಾಬಾಸಾಹೇಬರು 1928ರಲ್ಲಿ ಮುಂಬಯಿ ಶಾಸನ ಪರಿಷತ್ತಿನಲ್ಲಿ ಹೆರಿಗೆ ಭತ್ಯೆಯ ಮಸೂದೆಯ ಪರ ನಿಂತು ಮಾತಾಡಿದ್ದೂ ಈ ದಾರಿಯದೇ. ಹೆರಿಗೆಯ ಹಿಂದೆ ಮುಂದೆ ತಾಯಿಗೆ ವಿಶ್ರಾಂತಿ ಸಿಗೋದು ದೇಶದ ಹಿತ ಅಂತ ಅವರು ವಾದಿಸಿದರು. ಹಾಗಂತ ಸಿಗರೇಟಿನಿಂದ ಸುಟ್ಟವನನ್ನು ಬಡತನದ ಹೆಸರಲ್ಲಿ ನಾವು ಬಿಡೋದಿಲ್ಲ. ನಮ್ಮವನು ಅಂತಲೂ ಬಿಡೋದಿಲ್ಲ.

ಇನ್ನು ನಾವು. ಗೆಳೆಯರೆ, ನಮ್ಮಲ್ಲಿ ಎಷ್ಟೋ ಜನರ ಹಾಸ್ಟೆಲ್ಲು ಇರೋದು ಜಿಲ್ಲಾ ಕೇಂದ್ರದಲ್ಲಿ. ಡಿ.ಇ.ಐ.ಸಿ. ಇರೋದೂ ಇದೇ ಪೇಟೆಯಲ್ಲಿ, ಸಮಿತಿಯ ಕಚೇರಿಯೂ ಇಲ್ಲೇ. ನಮ್ಮ ಅವ್ವಂದಿರ ಕೇರಿ ಇರೋದು ನಲವತ್ತು ಮೈಲಿ ಆಚೆ. ಆ ಎರಡು ಕಡೆಗೂ ದಾರಿ ಗೊತ್ತಿರೋರು ನಾವು ಮಾತ್ರ. ಹಬ್ಬಕ್ಕೆ ಊರಿಗೆ ಹೋದಾಗ ಕಣ್ಣು ಬಿಟ್ಟು ನೋಡಿ. ಮೂರು ತಿಂಗಳಾದರೂ ಮುಖ ನೋಡಿ ನಗದ ಕೂಸು, ಒಂಬತ್ತು ತಿಂಗಳಾದರೂ ಆಸರೆಯಿಲ್ಲದೆ ಕೂರದ್ದು, ಒಂದೂವರೆ ವರ್ಷವಾದರೂ ನಡೆಯದ, ಒಂದು ಮಾತೂ ಆಡದ ಮಗು, ಕೈ ಎತ್ತಿದರೆ ಬೆಚ್ಚಿ ಮುದುಡೋ ಮಗು. ಆಶಾ ಕಾರ್ಯಕರ್ತೆಗೆ ಹೇಳಿ. ತಾಯಿ ಕಾರ್ಡು ತೆಗೆಸಿ ನೋಡಿ. ಮೊಬೈಲಿನಲ್ಲಿ ಫೋಟೋ ಹಿಡಿದು ಗ್ರೂಪಿಗೆ ಹಾಕಬೇಡಿ. ಮಗುವಿನ ಗುರುತು ಬಯಲು ಮಾಡೋದು ಕಾಯ್ದೆಯ ಪ್ರಕಾರವೇ ಅಪರಾಧ.

ಒಂದು ಸಲ ತೋರಿಸಿ ಬಂದರೆ ಆಗೋ ಕೆಲಸ ಇದಲ್ಲ. ತಿಂಗಳುಗಟ್ಟಲೆ ಬರಬೇಕು. ಒಂದೊಂದು ಸಲಕ್ಕೂ ತಾಯಿಯ ಒಂದು ದಿನದ ಕೂಲಿ ಹೋಗುತ್ತೆ, ಬಂದಮೇಲೆ ಯಾವ ಕಿಟಕಿ, ಯಾವ ರೂಮು ಅಂತ ತಿಳಿಯದೆ ಅವಳು ಮಧ್ಯಾಹ್ನದ ಬಸ್ಸಿಗೆ ವಾಪಸ್ಸು ಹೋಗುತ್ತಾಳೆ. ಅಂಥ ಒಬ್ಬ ತಾಯಿಯ ಜೊತೆ ನಾವು ಒಂದು ಆಸ್ಪತ್ರೆಯಲ್ಲಿ ಮೂರು ಕಿಟಕಿ ಸುತ್ತಿದ್ದೇವೆ; ನಾಲ್ಕನೆಯದರಲ್ಲಿ ಬಾಗಿಲು ತೋರಿಸಿದರು. ಈಗ ಆ ರೂಮು ನಮಗೆ ಗೊತ್ತು. ವಾರಕ್ಕೆ ಇಬ್ಬರಂತೆ ಪಾಳಿ ಹಾಕಿಕೊಂಡಿದ್ದೇವೆ, ಬೆಳಿಗ್ಗೆ ಎಂಟೂವರೆಗೆ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲೋಕೆ. ಹೆಸರು ಕೊಡೋರು ಸಭೆ ಮುಗಿದ ಮೇಲೆ ಇಲ್ಲೇ ಇರಿ. ಹುಡುಗಿಯರ ಹಾಸ್ಟೆಲ್ಲಿನಿಂದಲೂ ಇಬ್ಬರು ಬೇಕು, ತಾಯಂದಿರು ನಮ್ಮ ಹತ್ತಿರ ಎಲ್ಲವನ್ನೂ ಹೇಳೋದಿಲ್ಲ.