ಗೇಟು ತೆಗಿ ಅಂದವರು ಯಾರು?



ಇವತ್ತಿನ ವಿಷಯದ ಹೆಸರು ಕೇಳಿ ರಿಮೋಟ್‌ಗೆ ಕೈ ಹಾಕಬೇಡಿ. ಕಮಾಂಡ್ ಇಂಜೆಕ್ಷನ್. ಇದೇನಪ್ಪಾ, ಬೆಂಗಳೂರಿನ ಸಾಫ್ಟ್‌ವೇರ್‌ನವರ ತಲೆನೋವು, ನಮಗ್ಯಾಕೆ ಅಂತ ನಿಮಗನ್ನಿಸಬಹುದು. ಆದ್ರೆ ಇದು ಹದಡಿಯ ಭತ್ತದ ಗದ್ದೆಗೆ, ದಾವಣಗೆರೆಯ ನಲ್ಲಿಗೆ, ಹರಿಹರದ ಕರೆಂಟಿಗೆ ಸಂಬಂಧಪಟ್ಟ ಮಾತು. ಹಾಗಾಗಿ ಹದಡಿ ಕಡೆಯಿಂದಲೇ ಶುರು ಮಾಡ್ತೀನಿ.

ಭದ್ರಾ ಅಚ್ಚುಕಟ್ಟಿನವರಿಗೆ ಸೌಡಿ ಅಂದ್ರೆ ಯಾರು ಅಂತ ವಿವರಿಸಬೇಕಿಲ್ಲ. ಉಳಿದ ವೀಕ್ಷಕರಿಗೆ ಹೇಳ್ತೀನಿ. ಕಾಲುವೆಯ ತೂಬು, ಗೇಟು ನೋಡಿಕೊಳ್ಳೋ ಮನುಷ್ಯ. ಬೇರೆ ಕಡೆ ನೀರುಗಂಟಿ ಅಂತಾರೆ. ಲಕ್ಕವಳ್ಳಿಯಲ್ಲಿ ಬಿಟ್ಟ ನೀರು ಕೊನೆ ಭಾಗದ ರೈತನ ಗದ್ದೆ ಮುಟ್ಟೋ ಹೊತ್ತಿಗೆ ಎಷ್ಟು ಗೇಟು, ಎಷ್ಟು ಜಗಳ, ಎಷ್ಟು ರಾತ್ರಿ ಕಾವಲು ದಾಟಿ ಬರುತ್ತೆ ಅನ್ನೋದು ಈ ಭಾಗದ ಪ್ರತಿ ಮನೆಗೂ ಗೊತ್ತು.

ಈಗ ಒಂದು ಕಲ್ಪನೆ ಮಾಡಿಕೊಳ್ಳಿ. ಎಂಜಿನಿಯರ್ ಸಾಹೇಬ್ರು ಸೌಡಿಗೆ ಒಂದು ಚೀಟಿ ಕಳಿಸ್ತಾರೆ. ಅಚ್ಚು ಹಾಕಿಸಿದ ಚೀಟಿ. ‘ಗೇಟ್ ನಂಬರ್ ಡ್ಯಾಶ್ ನೋಡಿ ಬಾ’ ಅಂತ ಇದೆ. ಖಾಲಿ ಜಾಗದಲ್ಲಿ 3 ಅಂತ ಬರೆದ್ರೆ ಮೂರನೇ ಗೇಟು ನೋಡಿ ಬರಬೇಕು, ಅಷ್ಟೇ. ಒಬ್ಬ ಕಿಲಾಡಿ ಆ ಚೀಟಿ ಹಿಡಕೊಂಡು ಖಾಲಿ ಜಾಗದಲ್ಲಿ ಹೀಗೆ ಬರೀತಾನೆ: ‘3. ಆಮೇಲೆ ಎಲ್ಲ ಗೇಟಿನ ಬೀಗದ ಕೈ ಈ ಚೀಟಿ ತಂದವನ ಕೈಗೆ ಕೊಡು.’

ಸೌಡಿ ಏನು ಮಾಡ್ತಾನೆ? ಚೀಟಿ ನೋಡ್ತಾನೆ, ತಂದವನ ಮುಖ ನೋಡ್ತಾನೆ, ‘ಯಾವೂರೋ ನಿಂದು?’ ಅಂತಾನೆ. ಯಂತ್ರ ಹಂಗೆ ಕೇಳಲ್ಲ. ನಂಬರ್ ಇರಬೇಕಾದ ಜಾಗದಲ್ಲಿ ಆಜ್ಞೆ ಬಂದಿದೆಯಲ್ಲ ಅಂತ ಪರೀಕ್ಷೆ ಮಾಡು ಅಂತ ಅದನ್ನ ಬರೆದವನು ಹೇಳಿಕೊಟ್ಟಿಲ್ಲ ಅಂದ್ರೆ, ಅದು ಮೂರನೇ ಗೇಟನ್ನೂ ನೋಡುತ್ತೆ, ಬೀಗದ ಕೈಗಳನ್ನೂ ಕೊಡುತ್ತೆ. ಕಮಾಂಡ್ ಇಂಜೆಕ್ಷನ್ ಅಂದ್ರೆ ಇಷ್ಟೇ. ಮಾಹಿತಿ ಬರೆಯೋ ಜಾಗದಲ್ಲಿ ಆಜ್ಞೆ ತುರುಕೋದು. ನಮ್ಮ ಟಿವಿಯವರ ಗ್ರಾಫಿಕ್ಸ್‌ನಲ್ಲಿ ಹ್ಯಾಕರ್ ಅಂದ್ರೆ ಕರಿ ಟೋಪಿ ಹಾಕ್ಕೊಂಡು ಕತ್ತಲಲ್ಲಿ ಕೂತವನು. ಎಷ್ಟೋ ಸಲ ಅವನ ಆಯುಧ ಒಂದು ಸೆಮಿಕೋಲನ್, ಅಂದ್ರೆ ಅರ್ಧವಿರಾಮ. ಅನೇಕ ಯಂತ್ರಗಳ ಭಾಷೆಯಲ್ಲಿ ಆ ಚಿಹ್ನೆಗೆ ‘ಈ ಆಜ್ಞೆ ಮುಗೀತು, ಮುಂದಿನದು ಕೇಳು’ ಅಂತ ಅರ್ಥ.

ಇದು ಕತೆಯಲ್ಲ. ತೈವಾನ್‌ನ ಮೋಕ್ಸಾ ಕಂಪನಿ ಇಡಿಆರ್-810 ಅಂತ ಒಂದು ರೌಟರ್ ಮಾಡುತ್ತೆ. ಮನೆಯ ವೈಫೈ ರೌಟರ್ ಅಲ್ಲ, ಕಾರ್ಖಾನೆ, ಪಂಪ್‌ಹೌಸ್, ಸಬ್‌ಸ್ಟೇಷನ್‌ನಂಥ ಕಡೆ ಕಬ್ಬಿಣದ ಪೆಟ್ಟಿಗೆಯೊಳಗೆ ಕೂರಿಸೋದು. ಹೆಸರೇ ‘ಸೆಕ್ಯೂರ್ ರೌಟರ್’. ಕೆಲಸ ಕಾವಲುಗಾರನದು. 2018ರ ಏಪ್ರಿಲ್‌ನಲ್ಲಿ ಸಿಸ್ಕೋ ಕಂಪನಿಯ ಟಾಲೋಸ್ ತಂಡ ಇದರಲ್ಲಿರೋ ತೂತುಗಳ ಪಟ್ಟಿಯನ್ನೇ ಪ್ರಕಟಿಸಿತು. ಅದರಲ್ಲಿ ಒಂದು ಪಿಂಗ್ ಮಾಡೋ ಪುಟದ್ದು. ಪಿಂಗ್ ಅಂದ್ರೆ ಈ ಬದುವಿನಿಂದ ಆ ಬದುವಿಗೆ ‘ಓಯ್, ಇದ್ದೀಯಾ?’ ಅಂತ ಕೂಗಿದಂಗೆ. ಇನ್ನೊಂದು ಯಂತ್ರ ಬದುಕಿದೆಯಾ ಅಂತ ನೋಡೋಕೆ ಅದರ ವಿಳಾಸ ಬರೆಯೋ ಒಂದು ಖಾಲಿ ಜಾಗ. ಆ ಜಾಗದಲ್ಲಿ ಆಜ್ಞೆ ತುರುಕಿದ್ರೆ ರೌಟರ್ ಸಂಪೂರ್ಣ ಒಡೆತನವನ್ನೇ ಬಿಟ್ಟುಕೊಡ್ತಿತ್ತು. ಸಿವಿಇ-2017-12120 ಅಂತ ಅದಕ್ಕೆ ನಂಬರ್ ಬಿತ್ತು. ಪೊಲೀಸ್ ಠಾಣೆಯ ಎಫ್‌ಐಆರ್ ನಂಬರ್ ಥರ. ಕಂಪನಿ ತಿದ್ದಿದ ಸಾಫ್ಟ್‌ವೇರ್ ಬಿಡುಗಡೆ ಮಾಡಿತು. ಇಂಥ ತಪ್ಪು ಅವರೊಬ್ಬರದೇ ಅಲ್ಲ ಅನ್ನೋದನ್ನೂ ನ್ಯಾಯವಾಗಿ ಹೇಳಬೇಕು.

2024ರ ಡಿಸೆಂಬರ್‌ನಲ್ಲಿ ಚೀನಾದ ಫೋರ್-ಫೇತ್ ಅನ್ನೋ ಕಂಪನಿಯ ಕೈಗಾರಿಕಾ ರೌಟರ್ ಸುದ್ದಿಗೆ ಬಂತು. ಅಲ್ಲಿ ತೂತು ಎಲ್ಲಿತ್ತು ಗೊತ್ತಾ? ಗಡಿಯಾರ ಸರಿ ಮಾಡೋ ಪುಟದಲ್ಲಿ. ಇಸವಿ ಬರೆಯೋ ಜಾಗದಲ್ಲಿ! ಇಸವಿ ಅಂದ್ರೆ ನಾಲ್ಕು ಅಂಕಿ. ನಾಲ್ಕೇ ಅಂಕಿ ಬಂದಿದೆಯಾ ಅಂತ ನೋಡೋ ಒಂದು ಸಾಲು ಬರೆದಿದ್ದರೆ ಸಾಕಿತ್ತು. ಆ ಪುಟಕ್ಕೆ ಹೋಗೋಕೆ ಪಾಸ್‌ವರ್ಡ್ ಬೇಕು, ನಿಜ. ಆದ್ರೆ ಡಬ್ಬಿಯ ಜೊತೆ ಬಂದ ಪಾಸ್‌ವರ್ಡ್ ಬದಲಾಯಿಸದೇ ಇದ್ದರೆ? ಅದು ಕೈಪಿಡಿಯಲ್ಲೇ ಅಚ್ಚಾಗಿರುತ್ತೆ, ಲೋಕಕ್ಕೆಲ್ಲ ಗೊತ್ತಿರುತ್ತೆ. ಅದನ್ನೇ ಬಳಸಿ ಒಳಗೆ ನುಗ್ಗಿದ್ದರು. ಇಂಟರ್ನೆಟ್‌ನಿಂದ ನೇರವಾಗಿ ಕೈಗೆ ಸಿಗುವಂಥ ಆ ಕಂಪನಿಯ ಸುಮಾರು 15,000 ಸಾಧನಗಳು ಜಗತ್ತಿನಲ್ಲಿ ಇದ್ದವು ಅಂತ ಆಗ ಲೆಕ್ಕ ಸಿಕ್ಕಿತು.

ಡಬ್ಬಿ ಹೋದ್ರೆ ಹೋಯ್ತು ಬಿಡಿ, ಹಿಂದಿನ ಯಂತ್ರ ಗಟ್ಟಿ ಇರುತ್ತಲ್ಲ ಅಂತೀರಾ? ಇಲ್ಲೇ ಇರೋದು ನಿಜವಾದ ಸಮಸ್ಯೆ. ಪಂಪು, ವಾಲ್ವು, ಗೇಟು ನಡೆಸೋ ನಿಯಂತ್ರಕಗಳು ಇಂದಿಗೂ ಬಹಳ ಕಡೆ ಮಾಡ್‌ಬಸ್ ಅನ್ನೋ ಭಾಷೆಯಲ್ಲಿ ಮಾತಾಡ್ತವೆ. ಅದು ಹುಟ್ಟಿದ್ದು 1979ರಲ್ಲಿ. ಆಗ ಎಲ್ಲ ಯಂತ್ರಗಳೂ ಒಂದೇ ಕಾರ್ಖಾನೆಯ ಗೋಡೆಯೊಳಗೆ, ಒಂದೇ ತಂತಿಯಲ್ಲಿ. ಒಳಗಿದ್ದವರೆಲ್ಲ ನಮ್ಮವರೇ. ಹಾಗಾಗಿ ಆ ಭಾಷೆಯಲ್ಲಿ ‘ನೀನು ಯಾರು?’ ಅನ್ನೋ ಪ್ರಶ್ನೆಯೇ ಇಲ್ಲ. ಮುಚ್ಚು ಅಂದ್ರೆ ಮುಚ್ಚುತ್ತೆ. ನಾನು ಓದಿದ್ದು ಎಂಜಿನಿಯರಿಂಗ್. ಲ್ಯಾಬಿನಲ್ಲಿ ಮೋಟರ್ ಓಡಿಸೋದು, ನಿಲ್ಲಿಸೋದು ಕಲಿಸಿದ್ರು, ವೈವಾದಲ್ಲಿ ಅದನ್ನೇ ಕೇಳಿದ್ರು. ಆ ಆಜ್ಞೆ ಕೊಟ್ಟವನು ಯಾರು ಅಂತ ಮೋಟರ್‌ಗೆ ಹೇಗೆ ಗೊತ್ತಾಗುತ್ತೆ ಅಂತ ಒಬ್ಬರೂ ಕೇಳಲಿಲ್ಲ. ಬಾಗಿಲಲ್ಲಿ ಕೂತ ಆ ರೌಟರ್ ಒಂದೇ ಎಷ್ಟೋ ಕಡೆ ಇರೋ ಏಕೈಕ ಬೀಗ. ಆ ಬೀಗವೇ ಪುಟಗೋಸಿ ಚೀಟಿಗೆ ತೆರೆದುಕೊಂಡ್ರೆ ಒಳಗಿನದೆಲ್ಲ ಬಟಾಬಯಲು.

ಇದೆಲ್ಲ ನಮ್ಮ ರಾಜ್ಯಕ್ಕೆ ಎಲ್ಲಿ ಬಂತು ಅಂತ ಕೇಳಿ. ನಾರಾಯಣಪುರ ಎಡದಂಡೆ ಕಾಲುವೆಯ ಆಧುನೀಕರಣ ಯೋಜನೆಯನ್ನ 2023ರ ಜನವರಿ 19ರಂದು ಪ್ರಧಾನಿ ಯಾದಗಿರಿ ಜಿಲ್ಲೆಯ ಕೊಡೇಕಲ್‌ನಲ್ಲಿ ಉದ್ಘಾಟಿಸಿದರು. ಸುಮಾರು 4,700 ಕೋಟಿ ರೂಪಾಯಿ ಯೋಜನೆ, ನಾಲ್ಕೂವರೆ ಲಕ್ಷ ಹೆಕ್ಟೇರ್. ಅಲ್ಲಿ ಗೇಟುಗಳಿಗೆ ಸ್ಕಾಡಾ ಬಂದಿದೆ. ಅಂದ್ರೆ ದೂರದ ಪರದೆ ಮುಂದೆ ಕೂತು ಗೇಟು ನೋಡಬಹುದು, ನಡೆಸಬಹುದು. ಒಳ್ಳೆಯ ಕೆಲಸ. ಕೊನೆ ಭಾಗದ ರೈತನಿಗೆ ನೀರು ಮುಟ್ಟಬೇಕು ಅಂದ್ರೆ ಅಳತೆ ಬೇಕು, ಅಳತೆಗೆ ಯಂತ್ರ ಬೇಕು. ಇವತ್ತಲ್ಲ ನಾಳೆ ಭದ್ರಾ ಕಾಲುವೆಗೂ ಇದನ್ನೇ ಕೇಳ್ತೀವಿ, ಕೇಳಲೂಬೇಕು. ದಾವಣಗೆರೆ 2016ರ ಜನವರಿಯಲ್ಲೇ ಸ್ಮಾರ್ಟ್ ಸಿಟಿಯ ಮೊದಲ 20 ನಗರಗಳ ಪಟ್ಟಿಗೆ ಸೇರಿತು. ದಿನದ 24 ಗಂಟೆ ನೀರು ಕೊಡೋ ಜಲಸಿರಿ ಯೋಜನೆ ಇದೆ. ನಗರ ನಡೆಯೋದೇ ಇನ್ನು ಮುಂದೆ ಇಂಥ ಡಬ್ಬಿಗಳ ಮೇಲೆ. ಈ ಯೋಜನೆಗಳಲ್ಲಿ ತೂತಿದೆ ಅಂತ ನಾನು ಹೇಳ್ತಿಲ್ಲ. ತೂತು ಹುಡುಕೋ ಕೆಲಸ ಯಾರದ್ದು, ಅದಕ್ಕೆ ದುಡ್ಡು ಯಾವ ಲೆಕ್ಕದಲ್ಲಿ ಇಟ್ಟಿದ್ದೀರಿ ಅಂತ ಕೇಳ್ತಿದ್ದೀನಿ.

ಇದಕ್ಕೆ ಅಧಿಕಾರಿಗಳಿಂದ ಬರೋ ರೆಡಿಮೇಡ್ ಉತ್ತರ: ‘ನಮ್ಮ ವ್ಯವಸ್ಥೆ ಇಂಟರ್ನೆಟ್‌ಗೆ ಸೇರಿಲ್ಲ ಸರ್.’ ಇರಾನಿನ ನತಾಂಜ್ ಅಣು ಘಟಕವೂ ಇಂಟರ್ನೆಟ್‌ಗೆ ಸೇರಿರಲಿಲ್ಲ. ಯುಎಸ್‌ಬಿ ಮೂಲಕ ಹರಡಬಲ್ಲ ಸ್ಟಕ್ಸ್‌ನೆಟ್ ಅಲ್ಲಿಗೂ ಮುಟ್ಟಿತು, 2010ರಲ್ಲಿ ಬಯಲಾಯಿತು. ಯಂತ್ರಗಳು ಹಾಳಾಗ್ತಿದ್ದಾಗ ಪರದೆ ಮೇಲೆ ಮಾತ್ರ ‘ಎಲ್ಲ ಸರಿಯಿದೆ’ ಅಂತ ಹಳೇ ಅಂಕಿಗಳೇ ಓಡ್ತಿದ್ದವು. ನಮ್ಮ ಕೂಡಂಕುಳಂ ನೆನಪಿದೆಯಾ? 2019ರ ಅಕ್ಟೋಬರ್ 29ರಂದು ಸ್ಥಾವರದ ಪ್ರಕಟಣೆ, ನಿಯಂತ್ರಣ ವ್ಯವಸ್ಥೆಯ ಮೇಲೆ ಸೈಬರ್ ದಾಳಿ ಸಾಧ್ಯವೇ ಇಲ್ಲ ಅಂತಿತು. ಮರುದಿನವೇ ಅಣುಶಕ್ತಿ ನಿಗಮ, ಕಂಪ್ಯೂಟರಿಗೆ ಮಾಲ್‌ವೇರ್ ಬಂದಿದ್ದು ನಿಜ, ಆದ್ರೆ ಅದು ಆಡಳಿತ ವಿಭಾಗದ ಕಂಪ್ಯೂಟರ್, ಸ್ಥಾವರ ನಡೆಸೋದಲ್ಲ ಅಂತ ಒಪ್ಪಿಕೊಂಡಿತು. ನಿಯಂತ್ರಣ ವ್ಯವಸ್ಥೆ ಬೇರೆಯಾಗಿತ್ತು, ಅದು ಸಮಾಧಾನ. ಆದ್ರೆ ಜನರ ಮುಂದೆ ಮೊದಲ ದಿನ ನಿರಾಕರಣೆ, ಎರಡನೇ ದಿನ ಒಪ್ಪಿಗೆ. ಈ ಅಭ್ಯಾಸ ಬಿಡದೇ ಹೋದ್ರೆ ಯಾವ ಫೈರ್‌ವಾಲ್ ಏನು ಮಾಡೀತು?

ಇನ್ನೊಂದು ಘಟನೆ. ಇದನ್ನ ಸ್ವಲ್ಪ ನಿಧಾನವಾಗಿ ಕೇಳಿ. 2015ರ ಡಿಸೆಂಬರ್ 23, ಉಕ್ರೇನ್. ಚಳಿಗಾಲದ ಮಧ್ಯಾಹ್ನ. ವಿದ್ಯುತ್ ಕಂಪನಿಯ ಕಂಟ್ರೋಲ್ ರೂಮಿನಲ್ಲಿ ಕೂತ ನೌಕರನ ಕಣ್ಣೆದುರೇ ಮೌಸ್‌ನ ಬಾಣ ತಾನಾಗೇ ಓಡಾಡೋಕೆ ಶುರುವಾಯ್ತು. ಒಂದೊಂದೇ ಬ್ರೇಕರ್ ಆಫ್. ಮೂರು ಕಂಪನಿಗಳ ಸುಮಾರು 2,25,000 ಗ್ರಾಹಕರಿಗೆ ಕರೆಂಟ್ ಹೋಯ್ತು. ಅಲ್ಲಿ ಒಳನುಗ್ಗಿದ್ದು ಕದ್ದ ಪಾಸ್‌ವರ್ಡ್‌ಗಳಿಂದ, ನಾನು ಹೇಳಿದ ಚೀಟಿಯ ದಾರಿಯಿಂದಲ್ಲ. ಆದ್ರೆ ಹೋಗ್ತಾ ಅವರು ಮಾಡಿದ ಕೆಲಸ ನೋಡಿ. ಸಬ್‌ಸ್ಟೇಷನ್‌ಗಳಲ್ಲಿ ಸಂಪರ್ಕ ಕೊಡ್ತಿದ್ದ ಸಣ್ಣ ಡಬ್ಬಿಗಳ ಒಳಗಿನ ಸಾಫ್ಟ್‌ವೇರನ್ನೇ ಅಳಿಸಿ, ಕೆಲಸಕ್ಕೆ ಬಾರದ ಹಾಗೆ ಮಾಡಿಟ್ಟರು. ಪರದೆಯಿಂದ ವಾಪಸ್ ಆನ್ ಮಾಡೋ ದಾರಿಯೇ ಬಂದ್. ಕೋಟಿ ಬೆಲೆಯ ಸ್ವಿಚ್‌ಗೇರ್ ಅಲ್ಲ, ಆ ಡಬ್ಬಿ ಸಾಕಾಯ್ತು.

ಮತ್ತೆ ಕರೆಂಟ್ ಬಂದಿದ್ದು ಹೇಗೆ? ಜನ ಗಾಡಿ ಹತ್ತಿ ಸಬ್‌ಸ್ಟೇಷನ್‌ಗಳಿಗೆ ಹೋದ್ರು, ಕೈಯಿಂದ ಬ್ರೇಕರ್ ಹಾಕಿದ್ರು. ಆರು ಗಂಟೆಯೊಳಗೆ ಎಲ್ಲೆಡೆ ಬೆಳಕು. ಕೈಯಿಂದ ನಡೆಸೋ ವ್ಯವಸ್ಥೆ ಅಲ್ಲಿ ಇನ್ನೂ ಇತ್ತು, ಅದನ್ನ ನಡೆಸಬಲ್ಲವರೂ ಕೆಲಸದಲ್ಲಿದ್ದರು. ಯಂತ್ರ ಬಂತು ಅಂತ ಇಬ್ಬರನ್ನೂ ತೆಗೆದಿದ್ದರೆ ಆ ಚಳಿಯಲ್ಲಿ ಏನಾಗ್ತಿತ್ತು ಅಂತ ಲೆಕ್ಕ ಹಾಕಿ.

ನಮ್ಮಲ್ಲಿ ಆಟೋಮೇಷನ್ ಅಂದ ತಕ್ಷಣ ಮೊದಲ ಲೆಕ್ಕ ಬರೋದು ಎಷ್ಟು ಜನರನ್ನ ಕಡಿಮೆ ಮಾಡಬಹುದು ಅಂತ. ಇದನ್ನ ನಾನು ಖಡಾಖಂಡಿತವಾಗಿ ವಿರೋಧಿಸ್ತೀನಿ. ಸ್ಕಾಡಾ ಬರಲಿ, ಸೌಡಿಯೂ ಇರಲಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನ್ ತುಂಡಾದಾಗ ಇಡೀ ರಾಜ್ಯ ನೋಡಿತು. ಕಬ್ಬಿಣ ತುಂಡಾದ್ರೆ ಕಣ್ಣಿಗೆ ಕಾಣುತ್ತೆ, ಸ್ಟಾಪ್‌ಲಾಗ್ ತಂದು ಇಳಿಸ್ತಾರೆ. ಸಾಫ್ಟ್‌ವೇರ್ ತುಂಡಾದ್ರೆ ಕಾಣಲ್ಲ. ಪರದೆ ಮೇಲೆ ಗೇಟು ತೆರೆದಿದೆ ಅಂತ ಇರುತ್ತೆ, ಗದ್ದೆ ಒಣಗಿರುತ್ತೆ. ಆಗ ಕಾಲುವೆ ಏರಿ ಮೇಲೆ ಹೋಗಿ ನೋಡಿ ಹೇಳೋಕೆ ಒಬ್ಬ ಮನುಷ್ಯ ಬೇಕು.

ಕಾನೂನು ಇಲ್ಲ ಅಂತಲ್ಲ. ಸೈಬರ್ ದಾಳಿ ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕು ಅಂತ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲೇ ಆದೇಶಿಸಿದೆ. ವಿದ್ಯುತ್ ವಲಯಕ್ಕೆ ಕೇಂದ್ರ ವಿದ್ಯುತ್ ಪ್ರಾಧಿಕಾರದ 2021ರ ಮಾರ್ಗಸೂಚಿ ಇದೆ. ಆದ್ರೆ ದಾಳಿ ಆಗಿದೆ ಅಂತ ಗೊತ್ತಾಗಬೇಕಾದ್ರೂ ನೋಡ್ತಾ ಕೂತವರು ಬೇಕಲ್ವಾ?

ಭದ್ರಾ ನೀರು ಬಿಡೋ ಮುಂಚೆ ಮಲವಗೊಪ್ಪದ ಕಾಡಾ ಕಚೇರಿಯಲ್ಲಿ ಐಸಿಸಿ ಸಭೆ ನಡೆಯುತ್ತೆ. ಎಷ್ಟು ದಿನ ನೀರು, ಯಾವ ದಂಡೆಗೆ ಎಷ್ಟು ಅಂತ ಅಲ್ಲಿ ವಾದ ಆಗುತ್ತೆ. ಕಾಲುವೆಗೆ ಯಂತ್ರದ ಗೇಟು ಬರೋ ದಿನ, ರೈತ ಮುಖಂಡರೇ, ಈ ಪ್ರಶ್ನೆಗಳನ್ನೂ ಜೇಬಿನಲ್ಲಿ ಇಟ್ಟುಕೊಂಡು ಹೋಗಿ. ಪೆಟ್ಟಿಗೆಯ ಜೊತೆ ಬಂದ ಪಾಸ್‌ವರ್ಡ್ ಬದಲಾಯಿಸಿದ್ದೀರಾ? ಗುತ್ತಿಗೆದಾರನ ನಿರ್ವಹಣೆ ಅವಧಿ ಮುಗಿದ ಮೇಲೂ ಆ ಪೆಟ್ಟಿಗೆ ಅಲ್ಲೇ ಇರುತ್ತೆ, ಅದರ ಸಾಫ್ಟ್‌ವೇರ್ ತಿದ್ದುಪಡಿ ಹಾಕೋರು ಯಾರು, ಟೆಂಡರ್‌ನ ಯಾವ ಪುಟದಲ್ಲಿ ಬರೆದಿದೆ? ಹೊರಗಿನವರಿಂದ ಪರೀಕ್ಷೆ ಮಾಡಿಸಿದ್ದೀರಾ? ಮತ್ತೆ ಗೇಟಿನ ಮೇಲಿರೋ ಆ ಕೈಚಕ್ರಕ್ಕೆ ವರ್ಷಕ್ಕೊಂದು ಸಲ ಗ್ರೀಸ್ ಹಾಕಿ ತಿರುಗಿಸಿ ನೋಡೋದು ಯಾರ ಡ್ಯೂಟಿ?