ಕೊಯ್ಯುವ ಮುನ್ನ ಕಾಣಬೇಕು



ಇದೇ ಶಾಲೆಯಲ್ಲಿ ಓದಿ ಈಗ ಸ್ಕ್ಯಾನಿಂಗ್ ವಿಭಾಗದಲ್ಲಿ ದುಡಿಯುತ್ತಿರುವ ನನಗೆ ನಾಲ್ಕು ಮಾತನಾಡಲು ಹೇಳಿದ್ದೀರಿ. ಮೈ ಕೂಡಿಕೊಂಡೇ ಹುಟ್ಟುವ ಅವಳಿ ಮಕ್ಕಳ ವಿಷಯ ಹೇಳುತ್ತೇನೆ.

ಇಂಥವರನ್ನು ಸಯಾಮಿ ಅವಳಿಗಳು ಎನ್ನುವುದುಂಟು. 1811ರಲ್ಲಿ ಸಯಾಂ, ಅಂದರೆ ಇಂದಿನ ಥಾಯ್ಲೆಂಡಿನಲ್ಲಿ ಹುಟ್ಟಿದ ಚಾಂಗ್ ಮತ್ತು ಎಂಗ್ ಸಹೋದರರಿಂದ ಬಂದ ಹೆಸರಿದು. ಎದೆಯ ಕೆಳಗಿನ ಒಂದು ಮಾಂಸದ ಪಟ್ಟಿ ಅವರನ್ನು ಕೂಡಿಸಿತ್ತು. ಅದರೊಳಗೇನಿದೆ ಎಂದು ನೋಡುವ ದಾರಿ ಆಗಿನ ವೈದ್ಯರಿಗಿರಲಿಲ್ಲ. 1874ರಲ್ಲಿ ಇಬ್ಬರೂ ಕೆಲವೇ ಗಂಟೆಗಳ ಅಂತರದಲ್ಲಿ ತೀರಿಕೊಂಡ ಮೇಲೆ ತೆರೆದು ನೋಡಿದರೆ, ಯಕೃತ್ತುಗಳು ಅಲ್ಲಿ ಕೂಡಿಕೊಂಡಿದ್ದವು. ರಾಂಟ್ಜೆನ್ ಎಕ್ಸ್-ರೇ ಕಂಡುಹಿಡಿದದ್ದು ಆಮೇಲೆ, 1895ರಲ್ಲಿ.

ಈಗ ಮಕ್ಕಳು ಬದುಕಿರುವಾಗಲೇ ನೋಡಬಹುದು. ಮೂಳೆ, ರಕ್ತನಾಳಗಳಿಗೆ ಸಿ.ಟಿ.; ಮೆದುಳು, ಬೆನ್ನುಹುರಿ, ಪಿತ್ತನಾಳಗಳಿಗೆ ಎಂ.ಆರ್.ಐ.; ಹೃದಯಕ್ಕೆ ಎಕೋ. ಒಂದು ಮಗುವಿನ ರಕ್ತನಾಳಕ್ಕೆ ಕಾಂಟ್ರಾಸ್ಟ್ ಔಷಧಿ ಕೊಟ್ಟು, ಅದು ಇನ್ನೊಂದು ಮಗುವಿನಲ್ಲಿ ಕಾಣುತ್ತದೆಯೇ ಎಂದೂ ನೋಡುತ್ತಾರೆ. ಕಂಡರೆ ಇಬ್ಬರ ರಕ್ತ ಬೆರೆಯುತ್ತಿದೆ ಎಂದರ್ಥ. ಆಗ ಒಬ್ಬರಿಗೆ ಕೊಟ್ಟ ಅರಿವಳಿಕೆ ಇನ್ನೊಬ್ಬರಿಗೂ ತಲುಪೀತು.

2017ರಲ್ಲಿ ದೆಹಲಿಯ ಏಮ್ಸ್‌ಗೆ ಒಡಿಶಾದ ಕಂಧಮಾಲ್‌ನಿಂದ ತಲೆ ಕೂಡಿದ ಇಬ್ಬರು ಗಂಡುಮಕ್ಕಳು ಬಂದರು. ಮೆದುಳಿನ ರಕ್ತವನ್ನು ಹಿಂದಕ್ಕೆ ಒಯ್ಯುವ ದೊಡ್ಡ ನಾಳ ಇಬ್ಬರಿಗೂ ಹಂಚಿಕೆಯಾಗಿತ್ತು. ಒಮ್ಮೆಗೇ ಕೊಯ್ಯದೆ, ಆಗಸ್ಟ್‌ನಲ್ಲಿ ರಕ್ತಕ್ಕೆ ಬೇರೆ ದಾರಿ ಮಾಡಿ, ಅಕ್ಟೋಬರ್‌ನಲ್ಲಿ ಬೇರ್ಪಡಿಸಿದರು. ನಮ್ಮ ಬೆಂಗಳೂರಿನಲ್ಲೂ 2007ರಲ್ಲಿ, ಸ್ಪರ್ಶ್ ಆಸ್ಪತ್ರೆಯ ಡಾ. ಶರಣ್ ಪಾಟೀಲರ ತಂಡ ಬಿಹಾರದ ಎರಡು ವರ್ಷದ ಹೆಣ್ಣುಮಗುವಿಗೆ 27 ಗಂಟೆ ಶಸ್ತ್ರಚಿಕಿತ್ಸೆ ನಡೆಸಿತು. ಪೂರ್ತಿ ಬೆಳೆಯದ ಅವಳಿಯ ದೇಹ ಆಕೆಯ ಸೊಂಟಕ್ಕೆ ಕೂಡಿತ್ತು. ಊರಿನಲ್ಲಿ ಆಕೆಯನ್ನು ದೇವಿಯೆಂದು ಪೂಜಿಸುತ್ತಿದ್ದರು.

ಮಕ್ಕಳೇ, ಪರೀಕ್ಷೆಯಲ್ಲಿ ಹೃದಯದ ಚಿತ್ರ ಬರೆದು ಭಾಗಗಳನ್ನು ಗುರುತಿಸುತ್ತೀರಿ. ಪುಸ್ತಕದಲ್ಲಿ ಚಿತ್ರವಿದೆ, ಕಲಿಯುತ್ತೀರಿ. ಈ ಅವಳಿಗಳ ಚಿತ್ರ ಯಾವ ಪುಸ್ತಕದಲ್ಲೂ ಸಿದ್ಧವಾಗಿರುವುದಿಲ್ಲ. ಪ್ರತಿ ಜೋಡಿಗೂ ಹೊಸದಾಗಿಯೇ ಬರೆಯಬೇಕು.

ಎಲ್ಲ ಚಿತ್ರವೂ "ಬೇರ್ಪಡಿಸಿ" ಎನ್ನುವುದಿಲ್ಲ. ಯಕೃತ್ತನ್ನು ಹಂಚಬಹುದು, ಅದು ಮತ್ತೆ ಬೆಳೆಯುತ್ತದೆ. ಇಬ್ಬರಿಗೂ ಒಂದೇ ಹೃದಯವಿದ್ದರೆ ಹಂಚುವುದು ಹೇಗೆ? ಆಗ ತಾಯಿತಂದೆಯರನ್ನು ಕೂರಿಸಿ ಇದ್ದದ್ದನ್ನು ಇದ್ದಂತೆ ಹೇಳಬೇಕು. ಕೊಯ್ದ ಮೇಲೆ ತಿಳಿಯುವುದಕ್ಕಿಂತ ಅದು ಮೇಲು.

ಹಿರಿಯರಲ್ಲಿ ಒಂದು ವಿನಂತಿ. ಇಂಥ ಮಗು ಅವತಾರವೂ ಅಲ್ಲ, ಶಾಪವೂ ಅಲ್ಲ. ಬಸುರಿಯರಿಗೆ ಹೊತ್ತಿಗೆ ಸರಿಯಾಗಿ ಸ್ಕ್ಯಾನ್ ಮಾಡಿಸಿ. ಮೊದಲೇ ತಿಳಿದರೆ ಹೆರಿಗೆಯನ್ನು ದೊಡ್ಡಾಸ್ಪತ್ರೆಯಲ್ಲಿ ಮಾಡಿಸಬಹುದು, ತಾಯಿಯ ಜೀವಕ್ಕೂ ಕಾವಲಾಗುತ್ತದೆ.