ಹಾಸಿಗೆ ಹುಣ್ಣು

ಮನೆಯಲ್ಲಿ ಪಾರ್ಶ್ವವಾಯು ಬಡಿದವರೋ ತೊಡೆಯ ಮೂಳೆ ಮುರಿದ ವೃದ್ಧರೋ ಹಾಸಿಗೆ ಹಿಡಿದರೆ, ಔಷಧಿ ಪಥ್ಯಗಳಲ್ಲಿ ನಾವು ಲೋಪ ಮಾಡುವುದಿಲ್ಲ. ಆದರೂ ಕೆಲವೇ ದಿನಗಳಲ್ಲಿ ರೋಗಿಯ ಟೊಂಕದ ಮೇಲೆ ಹುಣ್ಣು ಕಾಣಿಸಿಕೊಳ್ಳುವುದುಂಟು. ಹಾಸಿಗೆಯ ಕಾವಿನಿಂದ ಆದದ್ದೆಂದು ತಿಳಿದು ಮುಲಾಮು ಹಚ್ಚುತ್ತೇವೆ. ವಾಸ್ತವವಾಗಿ ಅದು ರಕ್ತ ದೊರೆಯದೆ ಚರ್ಮ, ಮಾಂಸಗಳು ಸತ್ತುದರ ಫಲ.

ಇದು ಹೇಗೆಂಬುದನ್ನು ನೋಡೋಣ. ಹೃದಯದಿಂದ ಹೊರಟ ರಕ್ತವು ಕೂದಲಿಗಿಂತಲೂ ಸೂಕ್ಷ್ಮವಾದ ಲೋಮನಾಳಗಳ ಮೂಲಕ ಚರ್ಮಕ್ಕೆ ಆಮ್ಲಜನಕವನ್ನೂ ಆಹಾರವನ್ನೂ ಮುಟ್ಟಿಸುತ್ತದೆ. ಈ ನಾಳಗಳಲ್ಲಿ ರಕ್ತದ ಒತ್ತಡ ಬಹಳ ಕಡಮೆ. ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕಿದೆಡೆ ಅವು ಮುಚ್ಚಿಕೊಳ್ಳುತ್ತವೆ. ಆರೋಗ್ಯವಂತರು ನಿದ್ದೆಯಲ್ಲಿಯೂ ಮಗ್ಗುಲು ಬದಲಿಸುತ್ತಾರೆ. ಹೊರಳಲಾರದ ರೋಗಿಗೆ ಆ ರಕ್ಷಣೆಯಿಲ್ಲ. ಟೊಂಕ, ಸೊಂಟದ ಪಕ್ಕ, ಹಿಮ್ಮಡಿ, ಇವು ಅಪಾಯದ ಸ್ಥಳಗಳು.

1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ, ಬೆನ್ನುಹುರಿಗೆ ಪೆಟ್ಟಾದ ಸೈನಿಕರ ವಿಭಾಗವನ್ನು ವಹಿಸಿಕೊಂಡ ಡಾಕ್ಟರ್ ಲುಡ್ವಿಗ್ ಗಟ್‌ಮನ್, ಹಗಲೂ ರಾತ್ರಿಯೂ ಎರಡು ಗಂಟೆಗೊಮ್ಮೆ ರೋಗಿಗಳನ್ನು ಹೊರಳಿಸುವ ನಿಯಮ ಹಾಕಿದರು. ಇಂತಹವರು ಬದುಕುವುದಿಲ್ಲವೆಂದು ಕೈಬಿಡುತ್ತಿದ್ದ ಕಾಲ ಅದು. ಇಂದಿಗೂ ಆ ನಿಯಮವೇ ಆರೈಕೆಯ ತಳಹದಿ. ರೋಗಿಯ ಸ್ಥಿತಿಯನ್ನೂ ಹಾಸಿಗೆಯನ್ನೂ ನೋಡಿ ವೈದ್ಯರು ಅವಧಿಯನ್ನು ಹೆಚ್ಚುಕಡಮೆ ಮಾಡಬಹುದು.

ರೋಗಿಯನ್ನು ಹಾಸಿಗೆಯ ಮೇಲೆ ಎಳೆಯಬೇಡಿ. ಇಬ್ಬರು ಸೇರಿ ಎತ್ತಿ ಹೊರಳಿಸಿ. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿಯನ್ನು ಹಾಸಿಗೆಗೆ ತಾಗದಂತೆ ಇರಿಸಿ. ಪ್ರತಿದಿನವೂ ಚರ್ಮವನ್ನು ಪರೀಕ್ಷಿಸಿ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿದಾಗ ಅದು ಬಿಳಿಚಿಕೊಳ್ಳದಿದ್ದರೆ ಕೇಡು ಆರಂಭವಾಗಿದೆಯೆಂದು ತಿಳಿಯಿರಿ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣದು. ಅಲ್ಲಿ ಬಿಸಿ, ಗಡಸು, ನೋವುಗಳನ್ನು ಗಮನಿಸಬೇಕು. ಆ ಜಾಗವನ್ನು ತಿಕ್ಕಬಾರದು. ಬಳೆಯಾಕಾರದ ಗಾಳಿದಿಂಬೂ ಬೇಡ. ಅದರ ಅಂಚೇ ರಕ್ತವನ್ನು ತಡೆಯುತ್ತದೆ.

ಹುಣ್ಣು ಮಾಯುವುದೂ ರಕ್ತದಿಂದಲೇ. ಸೋಂಕಿನೊಡನೆ ಹೋರಾಡುವ ಬಿಳಿಯ ಕಣಗಳೂ ಹೊಸ ಮಾಂಸಕ್ಕೆ ಬೇಕಾದ ಸಾಮಗ್ರಿಯೂ ಅದರೊಡನೆಯೇ ಬರಬೇಕು. ಒತ್ತಡವನ್ನು ತೆಗೆಯದೆ ಎಷ್ಟು ಮುಲಾಮು ಹಚ್ಚಿದರೂ ವ್ಯರ್ಥ. ಬೇಳೆ, ಹಾಲು, ಮೊಟ್ಟೆಗಳಂತಹ ಪುಷ್ಟಿಯ ಆಹಾರ ವೈದ್ಯರ ಸಲಹೆಯಂತೆ ದೊರೆಯಲಿ. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಲಿ. ಬೀಡಿ ಸಿಗರೇಟು ರಕ್ತನಾಳಗಳನ್ನು ಕಿರಿದುಗೊಳಿಸುವುದರಿಂದ ಅವನ್ನು ಬಿಡಿಸಿ. ಚರ್ಮ ಒಡೆದರೆ, ಕಪ್ಪಾದರೆ, ದುರ್ವಾಸನೆ ಅಥವಾ ಜ್ವರ ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿ.

ಮಗ್ಗುಲು ಬದಲಿಸುವ ವೇಳೆಯನ್ನು ಒಂದು ಕಾಗದದಲ್ಲಿ ಬರೆದು ಹಾಸಿಗೆಯ ಬಳಿ ತೂಗುಹಾಕಿ. ರಾತ್ರಿಯ ಸರದಿಯನ್ನು ಮನೆಯವರೆಲ್ಲ ಹಂಚಿಕೊಳ್ಳಿ. ಒಬ್ಬ ಗೃಹಿಣಿಯೇ ನಿದ್ದೆಗೆಟ್ಟು ನಡೆಸುವ ಆರೈಕೆ ಬಹುದಿನ ನಡೆಯಲಾರದು.